ಈರಣ್ಣನ ಇಲ್ಲಟದ ಕೇಸು ನಡೆದ ವರ್ಷ

ಕಲ್ಯಾಣದುರ್ಗದ ಬಸ್‌ಸ್ಟಾಂಡಿನ ಹೊರಗೆ ತಳ್ಳುಗಾಡಿಗಳ ಮೇಲೆ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ. ಆಗತಾನೇ ಕಿತ್ತ ಹಸಿ ಕಾಯನ್ನು ಉಪ್ಪುನೀರಿನಲ್ಲಿ ಕುದಿಸಿ, ಗುಡ್ಡೆ ಹಾಕಿ, ಮೇಲೆ ಒದ್ದೆ ಗೋಣಿ ಮುಚ್ಚಿರುತ್ತಾರೆ. ಗೋಣಿ ಎತ್ತಿದರೆ ಮಣ್ಣು, ಉಪ್ಪು, ಹಬೆ ಎಲ್ಲ ಸೇರಿ ಒಂದು ವಾಸನೆ ಏಳುತ್ತದೆ. ಅದಕ್ಕೆ ಬಾಯಲ್ಲಿ ನೀರೂರದವರು ನಮ್ಮ ಕಡೆ ಯಾರೂ ಇಲ್ಲ. ನನಗೆ ಮಾತ್ರ ಅದು ಆಗದು. ಹೋದ ತಿಂಗಳು ನೆಂಟರ ಮದುವೆಗೆಂದು ಅಲ್ಲಿ ಇಳಿದಾಗ ಜೊತೆಗಿದ್ದ ನನ್ನ ಓರಗಿತ್ತಿ ಸೀದಾ ಗಾಡಿಯ ಹತ್ತಿರ ಹೋಗಿ ನಿಂತಳು.

"ಒಂದು ಸೇರು ತಗಳಾನ ಕಣಕ್ಕ, ಬಿಸಿ ಬಿಸಿ ಐತೆ."

"ನಂಗೆ ಬ್ಯಾಡ, ನೀನು ತಗೋ," ಅಂದವಳು ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ಅಯ್ಯೋ ಶಿವನೇ, ಈ ವಯಸ್ನಾಗೆ ನಿಂಗೇನಕ್ಕ ಬಸುರಿ ವಾಂತಿ!" ಅಂತ ಅವಳು ಗಾಡಿಯವನಿಗೂ ಕೇಳುವ ಹಾಗೆ ನಕ್ಕಳು. ನಾನೂ ನಕ್ಕೆ. ಇನ್ನೇನು ಮಾಡಲಿ? ಇದೇ ಕಡಲೆಕಾಯಿ ತಿನ್ನಿಸುತ್ತಾ, ಇದೇ ಊರಿನ ಕೋರ್ಟಿನ ಎದುರು ಕೂತು, ಮೂರು ಜನ ಬಡಪಾಯಿಗಳಿಗೆ ನಾನು ಸುಳ್ಳು ಕಲಿಸಿದ್ದೆ ಅಂತ ಅವಳಿಗೆ ಹೇಳಲಿಕ್ಕಾಗುತ್ತದೆಯೇ?

ಆ ವರ್ಷ ನಾನು ಕರಿ ಕೋಟು ಹೊಲಿಸಿಕೊಂಡು ಇನ್ನೂ ಆರೇಳು ತಿಂಗಳಾಗಿತ್ತು. ಲೇಪಾಕ್ಷಿ ಪಕ್ಕದ ನಮ್ಮೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ನಿಂತುಕೊಂಡು ವಾಪಸು ಬರುವುದು. ನಮ್ಮದು ಆಂಧ್ರದ ಗಡಿಸೀಮೆ, ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ತೆಲುಗು, ಕಾಗದದ ಮೇಲೆ ಇಂಗ್ಲಿಷು. ಹಿಂದೂಪುರದಲ್ಲಿ ಶೇಷಗಿರಿ ಸಾರು ಅಂತ ಹಿರಿಯ ವಕೀಲರೊಬ್ಬರಿದ್ದರು. ಅವರ ಆಫೀಸಿನಲ್ಲಿ ನಾನು ಜೂನಿಯರ್. ಊರಲ್ಲೆಲ್ಲ ಅವರಿಗೆ ದೊಡ್ಡ ಹೆಸರು. ಆಫೀಸಿನ ಮೂರು ಗೋಡೆಗೂ ಹೈಕೋರ್ಟಿನ ತೀರ್ಪುಗಳ ಬೈಂಡು ಪುಸ್ತಕಗಳು, ಬೆನ್ನಿನ ಮೇಲೆ ಚಿನ್ನದ ಅಕ್ಷರ. ಬಂದ ಕಕ್ಷಿದಾರರು ಆ ಪುಸ್ತಕಗಳನ್ನು ನೋಡಿಯೇ ಅರ್ಧ ಕೇಸು ಗೆದ್ದೆವು ಅಂದುಕೊಳ್ಳುತ್ತಿದ್ದರು.

ಸಾರು ಎಲೆಅಡಿಕೆ ಹಾಕುತ್ತಿದ್ದರು. ಜಗಿಯುವ ಬಾಯಿಗೆ ಬೆರಳು ಅದ್ದಿ ಪುಟ ತಿರುಗಿಸುವ ಅಭ್ಯಾಸ. ಹಾಗಾಗಿ ಪುಟದ ಮೂಲೆಗಳಲ್ಲೆಲ್ಲ ಕೆಂಪು ಕಲೆ. ಥೂ, ಆ ಕಲೆ ಮುಟ್ಟಬಾರದೆಂದು ನಾನು ಪುಟದ ಮಧ್ಯಕ್ಕೆ ಕೈಯಿಟ್ಟು ತಿರುಗಿಸುತ್ತಿದ್ದೆ. ಕೆಲವು ದಿನ ಹಾಗೆ ಮಾಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಕಲೆ ಇದ್ದದ್ದು ಪ್ರತಿ ತೀರ್ಪಿನ ಮೊದಲ ಪುಟದಲ್ಲಿ ಮಾತ್ರ. ಒಳಗಿನ ಪುಟಗಳು ಅಂಗಡಿಯಿಂದ ತಂದಾಗ ಹೇಗಿದ್ದವೋ ಹಾಗೇ ಇದ್ದವು.

ಯಾಕೆಂದರೆ ಮೊದಲ ಪುಟದಲ್ಲಿ ಹೆಡ್‌ನೋಟ್ ಇರುತ್ತದೆ. ಹೈಕೋರ್ಟಿನ ತೀರ್ಪು ಇಪ್ಪತ್ತೋ ಮೂವತ್ತೋ ಪುಟ ಇದ್ದರೆ, ಪುಸ್ತಕ ಅಚ್ಚು ಹಾಕುವವರು ಅದರ ನೆತ್ತಿಯ ಮೇಲೆ ನಾಲ್ಕು ಸಾಲಿನ ಸಾರಾಂಶ ಬರೆದಿರುತ್ತಾರೆ. ಅದನ್ನು ಬರೆಯುವವರು ಜಡ್ಜುಗಳಲ್ಲ, ಅದು ತೀರ್ಪೂ ಅಲ್ಲ. ಆದರೂ ನಮ್ಮ ಕಡೆಯ ಅರ್ಧಕ್ಕರ್ಧ ವಕೀಲಿಕೆ ನಡೆಯುವುದು ಅದರ ಮೇಲೆಯೇ.

"ಹೆಡ್‌ನೋಟ್ ಓದು ಸಾಕು ಪದ್ಮಾ," ಅನ್ನುತ್ತಿದ್ದರು ಸಾರು. "ಒಳಗೆ ಬರೀ ಕಥೆ. ಕಥೆ ಓದಕ್ಕೆ ಟೈಮೆಲ್ಲಿದೆ?"

ಆ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಈರಣ್ಣ ನಮ್ಮ ಆಫೀಸಿಗೆ ಬಂದ. ಕುಂದುರ್ಪಿ ಕಡೆಯ ಒಂದು ಹಳ್ಳಿಯವನು, ಐವತ್ತೈದರ ಆಸುಪಾಸು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ಕರೆಂಟು ಬಿಲ್ಲು, ರೇಷನ್ ಕಾರ್ಡು. ಎಲ್ಲವೂ ಅವನ ಮಾವ ಗೋವಿಂದಪ್ಪನ ಹೆಸರಲ್ಲಿದ್ದವು. ಕೇಸು ನಡೆಯಬೇಕಾದದ್ದು ಕಲ್ಯಾಣದುರ್ಗದ ಕೋರ್ಟಿನಲ್ಲಿ. ಆದರೂ ಅವನು ಅಷ್ಟು ದೂರದಿಂದ ಹಿಂದೂಪುರಕ್ಕೆ ಬಂದಿದ್ದ, ಇಲ್ಲಟದ ಕೇಸಿಗೆ ಶೇಷಗಿರಿ ಸಾರನ್ನು ಬಿಟ್ಟರಿಲ್ಲ ಅಂತ ಯಾರೋ ಹೇಳಿದ್ದರಂತೆ.

ಇಲ್ಲಟ ಅಂದರೆ ಮನೆ ಅಳಿಯತನ. ಗಂಡುಮಕ್ಕಳಿಲ್ಲದ ಮನೆಗೆ ಮಗಳ ಗಂಡನನ್ನೇ ಮಗನಂತೆ ತಂದು ಇಟ್ಟುಕೊಳ್ಳುವ ಪದ್ಧತಿ ನಮ್ಮ ಕಡೆಯ ಕೆಲವು ರೈತ ಕುಲಗಳಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಇದೆ. ಅದಕ್ಕೆಂದು ಶಾಸನಸಭೆ ಮಾಡಿದ ಕಾಯಿದೆ ಇಲ್ಲ. ರೂಢಿ ಇದೆ, ಆ ರೂಢಿಯನ್ನು ಒಪ್ಪಿದ ಹೈಕೋರ್ಟಿನ ತೀರ್ಪುಗಳಿವೆ, ಅಷ್ಟೇ. ಆ ತೀರ್ಪುಗಳಿಂದ ನಿಂತ ನಿಯಮ ಏನೆಂದರೆ, ಮಾವನ ಮನೆಯಲ್ಲಿ ಬಂದು ಉಂಡು ಮಲಗಿದ ಮಾತ್ರಕ್ಕೆ ಅಳಿಯನಿಗೆ ಆಸ್ತಿಯ ಹಕ್ಕು ಹುಟ್ಟುವುದಿಲ್ಲ. ನೀನು ಬಂದು ದುಡಿ, ಆಸ್ತಿ ನಿನಗೆ ಅಂತ ಮಾವ ಒಪ್ಪಿರಬೇಕು, ಆ ಒಪ್ಪಂದವನ್ನು ಅಳಿಯನೇ ರುಜುವಾತು ಮಾಡಬೇಕು.

ಈರಣ್ಣ ಇಪ್ಪತ್ತೆರಡನೇ ವಯಸ್ಸಿಗೆ ಆ ಮನೆಗೆ ಬಂದವನು. ಗೋವಿಂದಪ್ಪನಿಗೆ ಒಬ್ಬಳೇ ಮಗಳು, ರತ್ನಮ್ಮ. ಈರಣ್ಣ ತನ್ನೂರಿನ ಪಾಲನ್ನು ಅಣ್ಣತಮ್ಮಂದಿರಿಗೇ ಬಿಟ್ಟು ಬಂದು ಮಾವನ ಆರೆಕರೆ ಹೊಲದಲ್ಲಿ ದುಡಿದ. ಮಕ್ಕಳಾಗಲಿಲ್ಲ. ರತ್ನಮ್ಮ ತೀರಿಕೊಂಡಳು. ಆಮೇಲೂ ಅವನು ಅಲ್ಲೇ ಉಳಿದು ಹಾಸಿಗೆ ಹಿಡಿದಿದ್ದ ಮಾವನನ್ನು ಮೂರು ವರ್ಷ ನೋಡಿಕೊಂಡ.

"ಹೆಂಡ್ತಿ ಹೋದ್ಮೇಲೆ ನಿಮ್ಮೂರಿಗೆ ಹೋಗಬಹುದಿತ್ತಲ್ಲ?" ಅಂತ ನಾನು ಕೇಳಿದ್ದೆ. ವಕೀಲಳ ಪ್ರಶ್ನೆ.

ಅವನು ನನ್ನ ಮುಖವನ್ನೇ ನೋಡಿದ. "ಮುದುಕಪ್ಪನ್ನ ಬುಟ್ಟು ಎಲ್ಲಿಗೆ ಹೋಗ್ಲಮ್ಮ? ಮೈ ತೊಳೆಯೋರು ಯಾರು?"

ಗೋವಿಂದಪ್ಪ ಸತ್ತು ತಿಥಿಯ ಊಟ ಮುಗಿದ ದಿನವೇ ಅವನ ಅಣ್ಣನ ಮಕ್ಕಳಿಬ್ಬರು ಬಂದು, ಉಂಡಾಯ್ತಲ್ಲ, ಇನ್ನು ನಿಮ್ಮೂರಿಗೆ ಹೊರಡು ಅಂದರಂತೆ. ಇವನು ಏಳಲಿಲ್ಲ. ಅವರು ದಾವೆ ಹಾಕಿದರು. ಹೆಂಡತಿ ಇಲ್ಲ, ಮಕ್ಕಳಿಲ್ಲ, ವಿಲ್ಲು ಇಲ್ಲ. ಬರೀ ಅಳಿಯ ಅಂತಾದರೆ ಹೊಲವೂ ಮನೆಯೂ ಆ ಅಣ್ಣನ ಮಕ್ಕಳದು, ಇವನು ಉಟ್ಟ ಬಟ್ಟೆಯಲ್ಲಿ ಹೊರಗೆ. ಇಲ್ಲಟದ ಅಳಿಯ ಅಂತ ಗೆದ್ದರೆ ಮಾತ್ರ ಮನೆ ಉಳಿಯುತ್ತದೆ. ಕೇಸೆಂದರೆ ಇಷ್ಟೇ.

ಆ ದಾವೆಗೆ ಕೋರ್ಟಿನಲ್ಲಿ ಕೊಡಬೇಕಾದ ಜವಾಬು ಬರೆಯುವ ಮೊದಲು ಊರಿಗೆ ಹೋಗಿ ವಿಚಾರಿಸಿಕೊಂಡು ಬಾ ಅಂತ ಸಾರು ನನ್ನನ್ನು ಕಳಿಸಿದರು. ಎರಡು ಬಸ್ಸು ಬದಲಿಸಿ, ಆಮೇಲೆ ಶೇರ್ ಜೀಪಿನಲ್ಲಿ ಎರಡು ಮೇಕೆಗಳ ಜೊತೆ ಕೂತು ಆ ಹಳ್ಳಿ ಸೇರಿದೆ. ಹಿಂದಿನ ದಿನ ಒಳ್ಳೇ ಮಳೆ ಬಿದ್ದಿತ್ತು. ಹೊಲಗಳಲ್ಲೆಲ್ಲ ಜನ. ಈರಣ್ಣನ ಪಕ್ಕದ ಮನೆಯ ಲಕ್ಷ್ಮಕ್ಕ ಅನ್ನುವ ಅಜ್ಜಿ ನನ್ನನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಈರಣ್ಣ ಕಂಬಕ್ಕೆ ಒರಗಿ ನಿಂತಿದ್ದ. ನಾನು ನೋಟ್‌ಬುಕ್ ತೆಗೆದೆ.

"ಅಜ್ಜಿ, ಆಸ್ತಿ ನಿಂಗೇ ಕೊಡ್ತೀನಿ ಅಂತ ಗೋವಿಂದಪ್ಪ ಹಿರಿಯರ ಮುಂದೆ ಮಾತಾಡಿದ್ರಾ?"

"ಯಾರಮ್ಮ ಹಂಗೆಲ್ಲ ಬಾಯ್ಬುಟ್ಟು ಆಡ್ತಾರೆ? ಬದುಕಿರೋನ ಎದ್ರಿಗೆ ಆಸ್ತಿ ಮಾತಾಡಿದ್ರೆ ಅವನ ಸಾವು ಬಯಸ್ದಂಗಲ್ವಾ? ಮದುವೆ ಮನ್ಯಾಗೆ ಅಂಥಾ ಮಾತಾ? ತಪ್ಪಲ್ವೇನಮ್ಮ!"

"ಮತ್ತೆ ಇವರು ಮಗನ ಹಂಗೆ ಬಂದೋರು ಅಂತ ಊರಿಗೆ ಹೆಂಗೆ ಗೊತ್ತಾಯ್ತು?"

"ಕಾಯಿ ಕೊಟ್ನಲ್ಲ!" ಅಂದಳು ಲಕ್ಷ್ಮಕ್ಕ, ಇಷ್ಟೂ ತಿಳಿಯದವಳು ಎಂಥ ಲಾಯರಮ್ಮ ಅನ್ನುವ ಧಾಟಿಯಲ್ಲಿ.

ಆಮೇಲೆ ಬಿಡಿಸಿ ಹೇಳಿದಳು. ಮೊದಲ ಮಳೆ ಬಿದ್ದು ಹೊಲ ಹದವಾದಾಗ ಬಿತ್ತುವ ಕೂರಿಗೆಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೊಲದ ಮೂಲೆಯಲ್ಲಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ಆ ಕೂರಿಗೆಗೆ ತೆಂಗಿನಕಾಯಿ ಒಡೆಯುವವನು ಮನೆಯ ಯಜಮಾನ. ಅವನು ಬಿಟ್ಟರೆ ಅವನ ಮಗ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಗಂಡುಮಕ್ಕಳಿಲ್ಲದ ಗೋವಿಂದಪ್ಪನ ಮನೆಯ ಕಾಯಿ ತಮ್ಮ ಕೈಗೇ ಬರುತ್ತದೆಂದು ಅಣ್ಣನ ಮಕ್ಕಳು ಕಾದಿದ್ದರು. ಈರಣ್ಣನ ಮದುವೆಯಾದ ವರ್ಷ, ಊರಿನವರೆಲ್ಲ ಹೊಲದಲ್ಲಿ ಸೇರಿರುವಾಗ, ಗೋವಿಂದಪ್ಪ ಕಾಯನ್ನು ಅಳಿಯನ ಕೈಗೆ ಇಟ್ಟ.

"ಇನ್ಮೇಲೆ ಈ ಮನೆ ಕಾಯಿ ಇವ್ನೇ ಒಡೆಯಾದು ಅಂದ. ಅಷ್ಟೇಯ. ಅಣ್ಣನ ಮಕ್ಳಿಬ್ರೂ ಟವಲ್ಲು ಕೊಡವಿ ಎದ್ದೋದ್ರು. ಎಲೆ ಹಾಕಿದ್ವಿ, ಉಣ್ಣಲಿಲ್ಲ. ಅವತ್ತಿಂದ ಎರಡು ಮನೆಗೂ ಮಾತಿಲ್ಲ ಕಣಮ್ಮ."

"ಆಮೇಲೆ?" ಅಂದೆ ಈರಣ್ಣನ ಕಡೆ ತಿರುಗಿ.

"ಆಮೇಲೇನು, ವರ್ಷಾ ವರ್ಷಾ ನಾನೇ ಒಡೆದೆ. ಹ್ವಾದ ವರ್ಷ ಮಾವನ್ನ ಮಂಚದ ಸಮೇತ ಹೊಲದ ತಾವ ಹೊತ್ಕೊಂಡು ಹೋಗಿದ್ವಿ. ಮಲಗ್ಕಂಡೇ ಕಾಯಿ ಮುಟ್ಟಿ ಕೊಟ್ಟ."

ನಾನು ಎಲ್ಲವನ್ನೂ ಬರೆದುಕೊಂಡೆ. ಮೂರು ದಿನ ಬಿಟ್ಟು ಹಿಂದೂಪುರದ ಆಫೀಸಿನಲ್ಲಿ ಜವಾಬು ಟೈಪು ಮಾಡಲು ಕೂತೆ. ಹನ್ನೊಂದನೇ ಪ್ಯಾರಾದಲ್ಲಿ ಕೂರಿಗೆ ಪೂಜೆಯ ಸಂಗತಿ ಬಂತು. ಆಮೇಲೆ, ಇಲ್ಲಟದ ಬಗ್ಗೆ ಹೈಕೋರ್ಟು ಏನು ಹೇಳಿದೆ ನೋಡಿಯೇ ಬಿಡೋಣವೆಂದು ಕಪಾಟಿನಿಂದ ಪುಸ್ತಕ ತೆಗೆದು ಸಾರ್ ಅವರ ಕೆಂಪು ಕಲೆಯ ಪುಟ ತೆರೆದೆ. ಹೆಡ್‌ನೋಟಿನಲ್ಲಿ ಒಂದೇ ಮಾತಿತ್ತು. ಮದುವೆಯ ಕಾಲಕ್ಕೆ ಆದ ಸ್ಪಷ್ಟ ಒಪ್ಪಂದವನ್ನು ರುಜುವಾತು ಮಾಡಬೇಕು. ಪೂಜೆ ಇಲ್ಲ, ಕಾಯಿ ಇಲ್ಲ. ನಾನು ಕಾನೂನು ಓದಿದವಳಲ್ಲವೇ, ಲಕ್ಷ್ಮಕ್ಕನಿಗಿಂತ ಬುದ್ಧಿವಂತೆಯಲ್ಲವೇ? ಹನ್ನೊಂದನೇ ಪ್ಯಾರಾ ಪೂರ್ತಿ ಅಳಿಸಿದೆ. ಅದೇ ಜಾಗದಲ್ಲಿ, ಮದುವೆಗೆ ಮುಂಚೆ ಊರ ಹಿರಿಯರ ಸಮಕ್ಷಮದಲ್ಲಿ ಗೋವಿಂದಪ್ಪನು ತನ್ನ ಸಮಸ್ತ ಸ್ಥಿರಾಸ್ತಿಯನ್ನು ಈರಣ್ಣನಿಗೆ ಕೊಡುವುದಾಗಿ ಒಪ್ಪಿರುತ್ತಾನೆ ಅಂತ ಕೂರಿಸಿದೆ. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ಸಾರು ಆ ಹನ್ನೊಂದನೇ ಪ್ಯಾರಾ ನೋಡಿಯೂ ಇರಲಿಲ್ಲ. ಹೊಸದನ್ನು ಓದಿ, "ಶಭಾಷ್, ಹೈಕೋರ್ಟಿನ ಭಾಷೆ ಬಂದ್ಬುಡ್ತು ನಿಂಗೆ," ಅಂದರು. ನಾನು ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ. ನೆನೆಸಿಕೊಂಡರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಆ ಕೇಸು ಅಪರೂಪಕ್ಕೆ ಬೇಗ ಓಡಿತು. ಕಡಲೆಕಾಯಿ ಕೀಳುವ ಹೊತ್ತಿಗೆ ಸಾಕ್ಷಿಗಳ ಸರದಿ ಬಂತು. ಸಾಕ್ಷಿ ಹೇಳುವವರು ಮೊದಲು ತಮ್ಮ ಹೇಳಿಕೆಯನ್ನು ಅಫಿಡವಿಟ್ಟಿನಲ್ಲಿ ಕೊಡಬೇಕು, ಆಮೇಲೆ ಎದುರು ವಕೀಲರ ಪಾಟಿ ಸವಾಲು. ನಮ್ಮ ಕಡೆ ಮೂವರು. ಲಕ್ಷ್ಮಕ್ಕ, ಇನ್ನಿಬ್ಬರು ಊರಿನ ಹಿರಿಯ ಗಂಡಸರು. ಮೂವರ ಅಫಿಡವಿಟ್ಟೂ ನಾನೇ ಟೈಪು ಮಾಡಿದ್ದೆ. ಮೂರರಲ್ಲೂ ಅದೇ ವಾಕ್ಯ, ಒಂದು ಅಕ್ಷರ ಆಚೀಚೆ ಇಲ್ಲ. ಹೆಸರು ಮಾತ್ರ ಬದಲಾಯಿಸಿದ್ದೆ.

ವಿಚಾರಣೆಯ ದಿನ ಬೆಳಿಗ್ಗೆ ಕಲ್ಯಾಣದುರ್ಗದ ಕೋರ್ಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಮೂವರನ್ನೂ ಕೂರಿಸಿ, ಬೇಯಿಸಿದ ಕಡಲೆಕಾಯಿ ತರಿಸಿ, ಆ ವಾಕ್ಯವನ್ನು ಬಾಯಿಪಾಠ ಮಾಡಿಸಿದೆ. ಗಂಡಸರಿಬ್ಬರೂ ಸಿಪ್ಪೆ ಬಿಡಿಸುತ್ತಾ ಒಪ್ಪಿಸಿದರು. ಲಕ್ಷ್ಮಕ್ಕ ಬಿಡಿಸಿದ ಕಾಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಿದ್ದಳು.

"ನಡೀದೇ ಇರೋದ್ನ ನಡೀತು ಅನ್ನಾದೆಂಗಮ್ಮ?"

"ನಡೆದದ್ದು ಅದೇ ಅಲ್ವ ಅಜ್ಜಿ? ಗೋವಿಂದಪ್ಪ ಕೊಟ್ಟದ್ದು ನಿಜ ತಾನೇ? ಕೋರ್ಟಿಗೆ ಅರ್ಥ ಆಗೋ ಹಂಗೆ ಹೇಳ್ತಿದೀವಿ, ಅಷ್ಟೇ."

"ಕಾಯಿ ಇಚಾರ ಹೇಳಿದ್ರೆ ಅರ್ಥ ಆಗಾಕಿಲ್ವಾ?"

"ಅದು ಕಾನೂನಲ್ಲಿ ಇಲ್ಲ ಅಜ್ಜಿ."

ಅವಳು ಕೈಯಲ್ಲಿದ್ದ ಕಾಯನ್ನು ಬೆಂಚಿನ ಮೇಲೆ ಇಟ್ಟಳು. "ಹಿಂಗೇಳಿದ್ರೆ ಈರಣ್ಣನ ಮನೆ ಉಳೀತದಾ?"

"ಉಳಿಯುತ್ತೆ."

"ಹಂಗಾರೆ ಹೇಳ್ತೀನಿ ಬುಡು," ಅಂದಳು. ಅಷ್ಟು ವಯಸ್ಸಿನ ಹೆಂಗಸು, ಜನ್ಮದಲ್ಲಿ ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತುವವಳು, ನನ್ನನ್ನು ನಂಬಿಕೊಂಡು ಸುಳ್ಳು ಹೇಳಲು ಎದ್ದಳು. ಹೇಸಿಗೆ ಅನ್ನುವುದಾದರೆ ಅದಕ್ಕೇ ಅನ್ನಬೇಕು.

ಎದುರು ವಕೀಲರು ಮೆದು ಮಾತಿನ ಮನುಷ್ಯ. ಮೊದಲ ಗಂಡಸು ವಾಕ್ಯವನ್ನು ಚಾಚೂ ತಪ್ಪದೆ ಒಪ್ಪಿಸಿದ. "ಬಹಳ ಸಂತೋಷ. ಈ ಮಾತು ಎಲ್ಲಿ ನಡೀತು?" ಅಂತ ಕೇಳಿದರು. ದೇವಸ್ಥಾನದ ಕಟ್ಟೆ ಮೇಲೆ ಅಂದ. ಎರಡನೆಯವನೂ ಅದೇ ವಾಕ್ಯ ಒಪ್ಪಿಸಿ, ಗೋವಿಂದಪ್ಪನ ಮನೆ ಜಗಲಿಯ ಮೇಲೆ ಅಂದ. ಅಯ್ಯೋ, ಜಾಗ ಹೇಳಿಕೊಡುವುದನ್ನೇ ನಾನು ಮರೆತಿದ್ದೆ. ಪಕ್ಕದಲ್ಲಿ ಸಾರು ಹಲ್ಲು ಕಡಿದರು.

ಲಕ್ಷ್ಮಕ್ಕ ಕಟಕಟೆಗೆ ಬಂದಳು. ಅವಳ ವಾಕ್ಯವೂ ಮುಗಿಯಿತು.

"ಮದುವೆಗೆ ಎಷ್ಟು ದಿನ ಮುಂಚೆ ಆಡಿದ ಮಾತಮ್ಮ ಇದು?"

ಅಜ್ಜಿ ನನ್ನ ಕಡೆ ನೋಡಿದಳು.

"ಆ ಅಮ್ಮನ ಕಡೆ ನೋಡ್ಬೇಡಿ. ನನ್ನ ನೋಡಿ ಹೇಳಿ."

"ಸ್ವಾಮಿ," ಅಂತ ಅವಳು ವಕೀಲರನ್ನು ಬಿಟ್ಟು ಜಡ್ಜಿನ ಕಡೆಗೇ ತಿರುಗಿದಳು. "ಈ ಮಾತುಗೀತು ನಂಗೆ ಗೊತ್ತಿಲ್ಲ. ಮದುವೆಯಾದ ವರ್ಷ ಕೂರಿಗೆ ಪೂಜೆ ದಿನ ಗೋವಿಂದಪ್ಪ ಕಾಯಿನ ಇವ್ನ ಕೈಗೆ..."

ಎದುರು ವಕೀಲರು ಕೈ ಎತ್ತಿದರು. ಇದು ಜವಾಬಿನಲ್ಲೇ ಇಲ್ಲ, ದಾಖಲು ಮಾಡಬಾರದು ಅಂದರು. ಜಡ್ಜು ಆತುರಪಡಲಿಲ್ಲ. ನಮ್ಮ ಜವಾಬು ತೆಗೆದು ಪ್ಯಾರಾ ಪ್ಯಾರಾ ನೋಡಿದರು. ಎರಡು ಸಲ ನೋಡಿದರು. ಇದ್ದರೆ ತಾನೇ ಸಿಗುವುದು? ಕಕ್ಷಿದಾರ ತನ್ನ ಜವಾಬಿನಲ್ಲಿ ಹೇಳದ ಸಂಗತಿಗೆ ಸಾಕ್ಷಿ ನುಡಿಸುವಂತಿಲ್ಲ. ಅದೂ ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿದ ನಿಯಮವೇ. "ಕೇಳಿದ್ದಕ್ಕೆ ಮಾತ್ರ ಹೇಳಮ್ಮ," ಅಂದರು ಜಡ್ಜು, ಒರಟಾಗಿಯೇನೂ ಅಲ್ಲ. ಅವರದು ತಪ್ಪಿಲ್ಲ.

ನಾನು ಹಿಂದಿನ ಬೆಂಚಿಗೆ ತಿರುಗಿ ನೋಡಿದೆ. ಗೋವಿಂದಪ್ಪನ ಅಣ್ಣನ ದೊಡ್ಡ ಮಗ ಕೂತಿದ್ದ. ಕಾಯಿ ಅನ್ನುವ ಮಾತು ಬಿದ್ದಾಗ ಅವನ ಮುಖ ಬಿಳಿಚಿಕೊಂಡಿತ್ತು. ಜಡ್ಜು ಅಜ್ಜಿಯನ್ನು ತಡೆದ ಮೇಲೆ ಟವಲ್ಲಿನಿಂದ ಕತ್ತು ಒರೆಸಿಕೊಂಡು ತಮ್ಮನ ಕಡೆ ನೋಡಿ ನಕ್ಕ. ಅವನಿಗೆ ಎಲ್ಲವೂ ನೆನಪಿತ್ತು. ಕಾಯಿಯ ಸಂಗತಿಯೊಂದು ಹೊರಬಿದ್ದರೆ ತನ್ನ ಕೇಸು ಮುಗಿಯಿತೆಂದು ಅವನಿಗೆ ಗೊತ್ತಿತ್ತು. ಓದು ಬರಹ ಬಾರದ ಅಜ್ಜಿಗೂ ಗೊತ್ತಿತ್ತು. ಇಡೀ ಕೋರ್ಟಿನಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಎದ್ದು ನಿಂತು, ಜವಾಬು ತಿದ್ದಲು ಅವಕಾಶ ಕೊಡಿ ಅಂತ ಕೇಳಬಹುದಿತ್ತು. ಅರ್ಧ ಎದ್ದೆ. ಸಾರು ನನ್ನ ಗೌನು ಹಿಡಿದು ಎಳೆದರು. "ಕೂತ್ಕೋ. ಈಗ ಹೊಸದು ಎತ್ತಿದ್ರೆ ಮೊದಲು ಹೇಳಿದ್ದೆಲ್ಲ ಸುಳ್ಳು ಅಂತಾಗ್ತದೆ. ನಮ್ಮ ಆಫೀಸಿನ ಮಾನ ಹೋಗ್ತದೆ." ನಾನು ಕೂತೆ.

ಹೊರಗೆ ಬಂದ ಮೇಲೆ ಲಕ್ಷ್ಮಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, "ನಾನು ತಪ್ಪು ಹೇಳ್ಬುಟ್ನಾ? ನನ್ನಿಂದ ಕೆಟ್ಟೋಯ್ತಾ?" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಈರಣ್ಣನೇ ಅವಳ ಪಕ್ಕ ಕೂತು, "ಸುಮ್ಕಿರು ಚಿಕ್ಕಮ್ಮ, ನೀನು ಹೇಳಿದ್ದೊಂದೇ ದಿಟ," ಅಂದ. ನನ್ನ ಕಡೆ ಅವನು ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯುಗಾದಿ ಕಳೆದು ಬೇಸಿಗೆ ರಜೆಗೆ ಮುಂಚೆ ತೀರ್ಪು ಬಂತು. ಸೋತೆವು. ಮೂವರು ಸಾಕ್ಷಿಗಳ ಹೇಳಿಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ, ನಂಬಲಾಗದು ಅಂತ ಜಡ್ಜು ಬರೆದಿದ್ದರು. ಅಷ್ಟಕ್ಕೇ ನಿಂತಿದ್ದರೆ ನಾನು ಸಹಿಸಿಕೊಳ್ಳಬಹುದಿತ್ತೇನೋ. ಮಾತಿನ ಒಪ್ಪಂದ ರುಜುವಾತಾಗದಿದ್ದರೂ, ಮಾವನು ಇವನನ್ನು ಮಗನ ಸ್ಥಾನದಲ್ಲಿ ನಿಲ್ಲಿಸಿದನೆಂದು ತೋರಿಸುವ ನಡವಳಿಕೆ ಏನಾದರೂ ಇದ್ದಿದ್ದರೆ ಒಪ್ಪಂದ ಇತ್ತೆಂದೇ ತಿಳಿಯಬಹುದಿತ್ತು, ಅಂಥದ್ದೇನನ್ನೂ ಇವರು ಹೇಳಿಕೊಂಡೇ ಇಲ್ಲ ಅಂತಲೂ ಬರೆದಿದ್ದರು. ಅದಕ್ಕೆ ಆಧಾರವಾಗಿ ಕೊಟ್ಟಿದ್ದ ಹೈಕೋರ್ಟಿನ ತೀರ್ಪು ಯಾವುದು ಅಂತ ನೋಡಿದರೆ, ಅದು ನಮ್ಮ ಕಪಾಟಿನದೇ, ನಾನು ತೆರೆದದ್ದೇ, ಕೆಂಪು ಕಲೆಯದೇ.

ಹಿಂದೂಪುರಕ್ಕೆ ಬಂದವಳು ಬ್ಯಾಗು ಕೂಡ ಇಳಿಸದೆ ಆ ಪುಸ್ತಕ ತೆಗೆದೆ. ಈ ಸಲ ಒಳಗೆ ಓದಿದೆ. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿ ಬಿಡಿಸಿ ಓದಿದೆ. ಅಲ್ಲಿಯೂ ಒಬ್ಬ ಮನೆ ಅಳಿಯ. ಅಲ್ಲಿಯೂ ಬಾಯಿಬಿಟ್ಟು ಆಡಿದ ಮಾತಿಗೆ ಸಾಕ್ಷಿ ಇರಲಿಲ್ಲ. ಹಳ್ಳಿಯಲ್ಲಿ ಜನ ಇಂಥದ್ದನ್ನು ಬಾಯಿಬಿಟ್ಟು ಆಡುವುದಿಲ್ಲ, ಮಾಡಿ ತೋರಿಸುತ್ತಾರೆ, ಆ ಮನೆಯ ಕಾರ್ಯಗಳಲ್ಲಿ ಮಗನ ಜಾಗದಲ್ಲಿ ಯಾರು ನಿಂತರು ಅನ್ನುವುದನ್ನು ನೋಡಬೇಕು ಅಂತ ಆ ಜಡ್ಜು ಸಮಾಧಾನವಾಗಿ ವಿವರಿಸಿ ಅಳಿಯನನ್ನೇ ಗೆಲ್ಲಿಸಿದ್ದರು. ಲಕ್ಷ್ಮಕ್ಕ ಜಗಲಿಯ ಮೇಲೆ ನನಗೆ ಹೇಳಿದ್ದೂ ಅದನ್ನೇ. ಹೆಡ್‌ನೋಟ್ ಬರೆದವನು ಅಷ್ಟನ್ನೂ ಕುಟ್ಟಿ 'ಸ್ಪಷ್ಟ ಒಪ್ಪಂದ' ಅಂತ ಎರಡು ಪದ ಮಾಡಿದ್ದ.

ಪುಸ್ತಕವನ್ನು ಸಾರ್ ಅವರ ಮೇಜಿನ ಮೇಲೆ ಹಾಗೇ ತೆರೆದಿಟ್ಟೆ. "ಇದನ್ನ ಒಳಗೆ ಓದಿದ್ದೀರಾ ಸಾರ್?"

ಅವರು ಕನ್ನಡಕ ಏರಿಸಿ ನೋಡಿ, ಪುಟವನ್ನು ನನ್ನ ಕಡೆ ತಳ್ಳಿದರು. "ಓದಿಕೊಂಡು ಕೂತಿದ್ರೆ ಆಫೀಸು ನಡೀತದಾ? ಬಿಡು, ಅಪೀಲಲ್ಲಿ ನೋಡ್ಕೊಳ್ಳೋಣ. ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ? ನಿನ್ನ ಮನೆ ಹೋಯ್ತಾ?"

ಅಪೀಲು ಹಾಕಿದೆವು. ಅದರ ಮೇಲೆ ಹೈಕೋರ್ಟಿಗೂ ಹೋದೆವು. ಪ್ರತಿ ಕಡೆಯೂ ಕಾಯಿಯ ಸಂಗತಿ ಸೇರಿಸಲು ಅರ್ಜಿ ಹಾಕಿದೆ, ಪ್ರತಿ ಕಡೆಯೂ ಅದು ಬಿದ್ದುಹೋಯಿತು. ಮೊದಲು ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಎಲ್ಲಿಂದ ತರಲಿ? ಲಾಯರಮ್ಮನ ಬುದ್ಧಿವಂತಿಕೆ ಅಂತ ಅರ್ಜಿಯಲ್ಲಿ ಬರೆಯಲಾಗುತ್ತದೆಯೇ? ಮನೆ ಖಾಲಿ ಮಾಡಿಸಲು ಕೋರ್ಟಿನ ಅಮೀನ ಬಂದು ನಿಂತು, ಈರಣ್ಣ ಒಂದು ಟ್ರಂಕು ಹಿಡಿದು ಆಚೆ ಬಂದ ದಿನ ನಾನು ಅಲ್ಲಿರಲಿಲ್ಲ. ಹೋಗಲು ಮುಖವಿರಲಿಲ್ಲ ಅನ್ನುವುದೇ ಸರಿ.

ನಮ್ಮನ್ನು ಸೋಲಿಸಿದ ಹೈಕೋರ್ಟಿನ ಆ ತೀರ್ಪು ಪುಸ್ತಕದಲ್ಲಿ ಅಚ್ಚಾಯಿತು. ಎಲ್ಲ ತೀರ್ಪೂ ಅಚ್ಚಾಗುವುದಿಲ್ಲ, ಅದರಲ್ಲಿ ಏನಾದರೂ ನಿಯಮ ಇತ್ಯರ್ಥವಾಗಿದ್ದರೆ ಮಾತ್ರ. ಕೂರಿಗೆ ಪೂಜೆಯಂಥ ಕಾರ್ಯದಲ್ಲಿ ಅಳಿಯ ಮಗನಂತೆ ನಿಂತದ್ದೂ ಒಪ್ಪಂದಕ್ಕೆ ರುಜುವಾತೇ, ಆದರೆ ಅದನ್ನು ಮೊದಲ ಜವಾಬಿನಲ್ಲೇ ಹೇಳಿರಬೇಕು ಅಂತ ನಮ್ಮದರಲ್ಲಿತ್ತು. ಶೇಷಗಿರಿ ಸಾರು ಆಫೀಸಿಗೆಲ್ಲ ಪೇಡಾ ಹಂಚಿದರು. "ನಮ್ಮ ಕೇಸು ರಿಪೋರ್ಟ್ ಆಯ್ತು ಕಣಮ್ಮ! ಇನ್ನು ಇಲ್ಲಟಂ ಅಂದ್ರೆ ಇಡೀ ರಾಜ್ಯ ನಮ್ಮ ಕೇಸನ್ನೇ ಓದ್ಬೇಕು." ಸೋತವರು ನಾವಲ್ಲವೇ ಅಂದೆ. "ಸೋಲು ಗೆಲುವು ಕಕ್ಷಿದಾರನಿಗೆ. ನಮಗೆ ಹೆಸರು," ಅಂದು ಇನ್ನೊಂದು ಪೇಡಾ ಬಾಯಿಗಿಟ್ಟುಕೊಂಡರು. ನಾನು ಅದೇ ವಾರ ಆ ಆಫೀಸು ಬಿಟ್ಟೆ.

ಬಿಟ್ಟರೂ ಅದು ನನ್ನನ್ನು ಬಿಡಲಿಲ್ಲ. ತೀರ್ಪು ಹೊರಬಂದ ಮೇಲೆ ನಮ್ಮ ಸೀಮೆಯಲ್ಲಿ ಇಲ್ಲಟದ ಒಂದೊಂದು ಕೇಸಿನಲ್ಲೂ ಕೂರಿಗೆ ಪೂಜೆಯೋ ಕಣದ ಪೂಜೆಯೋ ತಪ್ಪದೆ ಬರತೊಡಗಿತು. ಟ್ರ್ಯಾಕ್ಟರಿನಲ್ಲಿ ಬಿತ್ತುವ ಮನೆಗಳಲ್ಲೂ ಮಾವಂದಿರು ಅಳಿಯಂದಿರ ಕೈಗೆ ಕಾಯಿ ಕೊಟ್ಟವರೇ. ಯಾವ ಟೀ ಅಂಗಡಿಯಲ್ಲಿ, ಯಾವ ಬೆಂಚಿನ ಮೇಲೆ ಕೂತು ಆ ವಾಕ್ಯ ಬಾಯಿಪಾಠ ಮಾಡಿರುತ್ತಾರೆಂದು ನನಗೆ ಗೊತ್ತು. ನಿಜವಾಗಿ ಒಡೆದವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಪುಸ್ತಕದ ಪ್ರಕಾರ ಕಾಯಿ ಒಡೆಯುತ್ತಿದ್ದಾರೆ.

ಈರಣ್ಣ ಕುಂದುರ್ಪಿಯಲ್ಲಿ ತಂಗಿಯ ಮನೆಯಲ್ಲಿದ್ದಾನೆ, ಅವರಿವರ ಕುರಿ ಮೇಯಿಸುತ್ತಾನೆ ಅಂತ ಲಕ್ಷ್ಮಕ್ಕನಿಂದ ತಿಳಿಯಿತು. ಪುಸ್ತಕ ಬಂದ ಕೆಲವು ತಿಂಗಳಿಗೆ, ಕಲ್ಯಾಣದುರ್ಗದಲ್ಲಿ ಕೆಲಸ ಮುಗಿಸಿ, ಧೈರ್ಯ ಮಾಡಿ ಕುಂದುರ್ಪಿ ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತು. ಊರಾಚೆ ಹುಣಸೆ ಮರದ ಕೆಳಗೆ ಕುರಿಗಳನ್ನು ನಿಲ್ಲಿಸಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು, ಟವಲ್ಲಿನಿಂದ ಕಲ್ಲು ಒರೆಸಿ, "ಕೂತ್ಕಳಮ್ಮ," ಅಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಊಟ ಆಯ್ತಾ ಅಂತ ಕೇಳಿದ, ತಂಗಿಯ ಮನೆಗೆ ಬಾ ಅಂದ. ನಾನು ಬಂದದ್ದು ಯಾಕೆಂದು ಕೇಳಲಿಲ್ಲ. ಕ್ಷಮಿಸಿ ಅಂತ ಹೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನು ಬಿಟ್ಟು ಕುರಿ ಎಷ್ಟಿವೆ, ಮಳೆ ಹೇಗೆ ಅಂತೆಲ್ಲ ಕೇಳುತ್ತಾ ಕೂತೆ.

ಕೊನೆಗೆ ಅವನೇ ಕೇಳಿದ. "ಅಮ್ಮ, ನನ್ನೆಸ್ರು ಹೈಕೋರ್ಟಿನ ಪುಸ್ತಕದಾಗೆ ಬಂದೈತಂತೆ. ದಿಟವಾ?"

"ದಿಟ."

"ಎಲ್ಲಾ ಕೋರ್ಟ್‌ನಾಗೂ ಅದ್ನ ಓದ್ತಾರಂತೆ?"

"ಓದ್ತಾರೆ."

ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಓಡಿಹೋಗುತ್ತಿದ್ದ ಒಂದು ಮರಿಯನ್ನು ಕೋಲಿನಿಂದ ಈಚೆಗೆ ತಂದು ಮತ್ತೆ ಕೂತ. "ಹೋಗ್ಲಿ ಬುಡಮ್ಮ. ಮನೆ ಹ್ವಾದ್ರೆ ಹೋಯ್ತು, ಹೊತ್ಕೊಂಡು ಹೋಯ್ತೀವಾ? ಇಷ್ಟು ವರ್ಷ ಆ ಮನೆ ಕಾಯಿ ಒಡೆದೋನು ಈರಣ್ಣ ಅಂತ ಪುಸ್ತಕದಾಗೆ ಬರೆದವ್ರಲ್ಲ, ನಂಗಷ್ಟು ಸಾಕು."

ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ತೀರ್ಪಿನ ಒಳಗೆ, ಹಾಗೆ ನಡೆದುದಕ್ಕೆ ಸಾಕ್ಷ್ಯ ಇಲ್ಲ ಅಂತ ಜಡ್ಜು ಬರೆದಿದ್ದರು. ಮೇಲಿನ ಹೆಡ್‌ನೋಟಿನಲ್ಲಿ ಅದೂ ಸವೆದು, ಮನೆಯ ಯಾವ ಕಾರ್ಯದಲ್ಲೂ ಅಳಿಯನು ಮಗನಂತೆ ನಿಂತವನಲ್ಲ ಅಂತ ಆಗಿತ್ತು. ಹೌದು ಅಂದುಬಿಡಬಹುದಿತ್ತು. ಅವನಿಗೆ ಇಂಗ್ಲಿಷು ಬಾರದು. ಮೂರು ಜನಕ್ಕೆ ಸುಳ್ಳು ಕಲಿಸಿದವಳಿಗೆ ನಾಲ್ಕನೆಯದೊಂದು ಭಾರವೇ?

"ಇಲ್ಲ ಈರಣ್ಣ," ಅಂದೆ. "ನೀವು ಒಡೆದೇ ಇಲ್ಲ ಅಂತ ಬರೆದಿದೆ."

ಅವನಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಅವನು ಕುರಿಗಳನ್ನು ನೋಡಿದ, ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ.

"ಹಂಗಂತ ಅವರಿಗೆ ಯಾರಮ್ಮ ಹೇಳಿದ್ದು?"

"ನಾನು," ಅಂದೆ.